ಹಂಗಾಮಿನ ನಡುವೆ ಬದಲಾದ ದರ: ಹಂಚಿಕೆಯ ಶೀಟ್‌ನಲ್ಲಿ ಸೂತ್ರದ ಜಾಡು ತಪ್ಪಿದ ಒಂದು ಪ್ರಕರಣ

ಹಿನ್ನೆಲೆ

ಇದು ಶಿರಸಿ ಭಾಗದ ಒಂದು ಅಡಿಕೆ ಬೆಳೆಗಾರರ ಸಹಕಾರಿ ಸಂಘದಲ್ಲಿ ನಡೆದ ಪ್ರಕರಣ. ಸಂಘದ ಹೆಸರು, ಊರು ಮತ್ತು ಸಿಬ್ಬಂದಿಯ ಗುರುತುಗಳನ್ನು ಬಿಟ್ಟಿದ್ದೇನೆ. ದರ ಮತ್ತು ಮೊತ್ತಗಳನ್ನೂ ಬದಲಿಸಿದ್ದೇನೆ, ಆದರೆ ಅವುಗಳ ನಡುವಿನ ಲೆಕ್ಕದ ಸಂಬಂಧ ಮೂಲದಲ್ಲಿದ್ದಂತೆಯೇ ಇದೆ. ಸಹಕಾರಿ ಸಂಘಗಳ ಲೆಕ್ಕಪತ್ರ ಸರಿಪಡಿಸಿಕೊಡುವ ಕೆಲಸದ ನಿಮಿತ್ತ ನನಗೆ ಈ ಸಂಘದ ಸಂಪರ್ಕ ಬಂದಿತು.

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಸದಸ್ಯರು ತಮ್ಮ ಅಡಿಕೆಯನ್ನು ಸಂಘದ ವಖಾರಿಗೆ ತಂದು ಹಾಕುತ್ತಾರೆ. ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳೆಗೋಟು, ಕೋಕಾ ಎಂದು ಬಗೆ ಬಗೆಯಾಗಿ ವಿಂಗಡವಾದ ಮಾಲು ತೂಕವಾಗಿ, ಲಾಟು ಸಂಖ್ಯೆ ಪಡೆದು, ಟೆಂಡರ್ ದಿನ ವ್ಯಾಪಾರಿಗಳು ಬರೆದ ದರಕ್ಕೆ ಮಾರಾಟವಾಗುತ್ತದೆ. ಆಮೇಲೆ ಸದಸ್ಯರ ಕೈಗೆ ಬರುವುದು ಒಂದು ಪಟ್ಟಿ. ತೂಕವನ್ನು ಕ್ವಿಂಟಲ್ ದರದಿಂದ ಗುಣಿಸಿದ ಮೊತ್ತ, ಅದರಲ್ಲಿ ಕಳೆಯುವ ದಲಾಲಿ, ಹಮಾಲಿ, ಮುಂಗಡದ ಮೇಲಿನ ಬಡ್ಡಿ, ಕೊನೆಗೆ ಖಾತೆಗೆ ಜಮಾ ಆಗುವ ಹಣ ಎಲ್ಲವೂ ಅದರಲ್ಲಿರುತ್ತವೆ. ತೋಟದ ಒಂದು ವರ್ಷದ ದುಡಿಮೆ ಅಂಕಿಯಾಗಿ ಇಳಿಯುವುದು ಈ ಒಂದು ಹಾಳೆಯ ಮೇಲೆ. ಆದ್ದರಿಂದ ಅದರ ಮೇಲಿನ ಒಂದೊಂದು ರೂಪಾಯಿಯನ್ನೂ ಸದಸ್ಯರು ಬೆರಳಿಟ್ಟು ಓದುತ್ತಾರೆ, ಓದಲೇಬೇಕು.

ಈ ಸಂಘದ ಖತಾವಣಿ, ಅಂದರೆ ಖಾತೆವಾರು ಲೆಕ್ಕ, ಬೇರೊಂದು ತಂತ್ರಾಂಶದಲ್ಲಿತ್ತು. ಪಟ್ಟಿಗಳನ್ನು ಮಾತ್ರ ಕೆಲವು ವರ್ಷಗಳಿಂದ ಗೂಗಲ್ ಶೀಟ್ಸ್‌ನ ಒಂದು ಹಂಚಿಕೆಯ ಕಡತದಲ್ಲಿ ಸಿದ್ಧಪಡಿಸುತ್ತಿದ್ದರು. ತೂಕದ ಗುಮಾಸ್ತರು ಲಾಟು ಮತ್ತು ಚೀಲದ ಸಂಖ್ಯೆ ತುಂಬುತ್ತಿದ್ದರು, ಮಾರಾಟ ವಿಭಾಗದ ಗುಮಾಸ್ತೆ ದರ ತುಂಬುತ್ತಿದ್ದರು, ಲೆಕ್ಕಿಗರು ಕಡಿತಗಳನ್ನು ನೋಡಿ ಪಟ್ಟಿ ಮುದ್ರಿಸುತ್ತಿದ್ದರು. ಮೂವರೂ ಕಚೇರಿಯ ಒಂದೇ ಖಾತೆಯಿಂದ ಲಾಗಿನ್ ಆಗುತ್ತಿದ್ದರು.

ಕಡತವನ್ನು ಮೊದಲು ಕಟ್ಟಿದವರು ಅದನ್ನು ಚೆನ್ನಾಗಿಯೇ ಕಟ್ಟಿದ್ದರು. ಸೂತ್ರದ ಒಳಗೆ ಅಂಕಿ ಬರೆಯದೆ, ದರಗಳನ್ನೆಲ್ಲ ಪ್ರತ್ಯೇಕ ಹಾಳೆಯಲ್ಲಿಟ್ಟು, ಪ್ರತಿ ಸಾಲಿನ ಸೂತ್ರವೂ ಅಲ್ಲಿಂದಲೇ ದರ ತೆಗೆದುಕೊಳ್ಳುವಂತೆ ಮಾಡಿದ್ದರು. ಶೀಟ್ ಕಲಿಸುವವರೆಲ್ಲ ಹೇಳುವ ಪಾಠ ಇದು. ಈ ಪ್ರಕರಣದ ತೊಡಕು ಹುಟ್ಟಿದ್ದು ಆ ಒಳ್ಳೆಯ ಪದ್ಧತಿಯಲ್ಲೇ ಎಂಬುದನ್ನು ಗಮನಿಸಬೇಕು.

ತೊಡಕು

ಹಂಗಾಮಿನ ನಡುವೆ ಹಮಾಲರ ಬೇಡಿಕೆಯನ್ನು ಒಪ್ಪಿದ ಆಡಳಿತ ಮಂಡಳಿ, ಚೀಲಕ್ಕೆ 18 ರೂಪಾಯಿ ಇದ್ದ ಹಮಾಲಿಯನ್ನು ಫೆಬ್ರವರಿ 1ರಿಂದ 22 ರೂಪಾಯಿಗೆ ಏರಿಸಿ ಠರಾವು ಮಾಡಿತು. ಲೆಕ್ಕಿಗರು ದರದ ಹಾಳೆ ತೆರೆದು 18 ಇದ್ದ ಸೆಲ್‌ನಲ್ಲಿ 22 ಎಂದು ಬರೆದರು. ಆ ದಿನದ ಪಟ್ಟಿಗಳೆಲ್ಲ ಸರಿಯಾಗಿಯೇ ಬಂದವು, ಯಾರಿಗೂ ಏನೂ ಅನ್ನಿಸಲಿಲ್ಲ.

ಮೇ ತಿಂಗಳಲ್ಲಿ ಹಿರಿಯ ಸದಸ್ಯರೊಬ್ಬರು ಎರಡು ಪಟ್ಟಿ ಹಿಡಿದುಕೊಂಡು ಕಚೇರಿಗೆ ಬಂದರು. ಜನವರಿಯಲ್ಲಿ ಮಾರಿದ ಆರು ಚೀಲ ರಾಶಿ ಅಡಿಕೆಯ ಪಟ್ಟಿ ಬ್ಯಾಂಕಿನ ಕೆಲಸಕ್ಕೆ ಬೇಕಾಗಿತ್ತು. ಮನೆಯಲ್ಲಿ ಸಿಗಲಿಲ್ಲವೆಂದು ಸಂಘದಿಂದ ನಕಲು ಪ್ರತಿ ಪಡೆದಿದ್ದರು, ಆಮೇಲೆ ಮೂಲ ಪಟ್ಟಿಯೂ ಸಿಕ್ಕಿತ್ತು. ಮೂಲದಲ್ಲಿ ಹಮಾಲಿ 108 ರೂಪಾಯಿ, ನಕಲಿನಲ್ಲಿ 132. ಅವರು ತೂಕದ ಗುಮಾಸ್ತರ ಮೇಜಿನ ಮೇಲೆ ಎರಡನ್ನೂ ಜೋಡಿಸಿಟ್ಟು ಕೇಳಿದ್ದು ಇಷ್ಟೇ: “ತಮ್ಮಾ, ಅಡಿಕೆ ಒಂದೇ, ತೂಕ ಒಂದೇ, ಟೆಂಡರ್ ದಿನವೂ ಒಂದೇ. ಹಮಾಲಿ ಹ್ಯಾಂಗೆ ಎರಡಾತು?”

ವ್ಯತ್ಯಾಸ 24 ರೂಪಾಯಿ. ಆದರೆ ಪ್ರಶ್ನೆ ಮೊತ್ತದ್ದಲ್ಲ. ಒಂದೇ ಮಾರಾಟಕ್ಕೆ ಸಂಘವೇ ಎರಡು ಲೆಕ್ಕ ಹೇಳಿತ್ತು, ಎರಡೂ ಕಾಗದದ ಮೇಲೆ ಸಂಘದ ಮೊಹರಿತ್ತು.

ವ್ಯವಸ್ಥಾಪಕರು ಆ ಸಾಲಿನ ಹಮಾಲಿ ಸೆಲ್ ಮೇಲೆ ಬಲ ಕ್ಲಿಕ್ ಮಾಡಿ ‘ಶೋ ಎಡಿಟ್ ಹಿಸ್ಟರಿ’ ತೆರೆದು ನೋಡಿದರು. ಜನವರಿಯಲ್ಲಿ ಸೂತ್ರ ಬಂದು ಕೂತದ್ದರ ಹೊರತು ಬೇರೆ ಬದಲಾವಣೆಯೇ ಕಾಣಲಿಲ್ಲ. ಅಂಕಿ ಬದಲಾಗಿದೆ, ಆದರೆ ಇತಿಹಾಸ ಏನೂ ಆಗಿಲ್ಲ ಎನ್ನುತ್ತಿದೆ! ಕಚೇರಿಯ ಗೊಂದಲ ಹೆಚ್ಚಿದ್ದು ಇಲ್ಲಿ. ವಾಸ್ತವವಾಗಿ ಆ ಸೌಲಭ್ಯ ತೋರಿಸುವುದು ಆ ಸೆಲ್‌ನಲ್ಲಿ ಯಾರಾದರೂ ಬರೆದದ್ದನ್ನು ಮಾತ್ರ. ಸೂತ್ರದ ಮೂಲಕ ತಾನಾಗಿ ಬದಲಾದ ಅಂಕಿಯಾಗಲಿ, ಸಾಲು-ಕಾಲಂ ಸೇರಿಸಿದ್ದಾಗಲಿ, ಅಳಿಸಿದ್ದಾಗಲಿ ಅದರಲ್ಲಿ ಬರುವುದಿಲ್ಲ. ಬದಲಾದದ್ದು ಬೇರೊಂದು ಹಾಳೆಯ ಒಂದು ಸೆಲ್. ಅದನ್ನು ನಂಬಿದ್ದ ಹಂಗಾಮಿನ ಹಳೆಯ ಸಾಲುಗಳೆಲ್ಲ ಆ ಕ್ಷಣದಲ್ಲೇ ಹೊಸ ದರದಲ್ಲಿ ಮರುಲೆಕ್ಕವಾಗಿದ್ದವು. ಫೆಬ್ರವರಿಗೆ ಮೊದಲು ಸುಮಾರು 4,000 ಚೀಲ ಮಾರಾಟವಾಗಿತ್ತೆಂದರೆ, ಮುದ್ರಿತ ಪಟ್ಟಿಗಳ ಮೊತ್ತಕ್ಕೂ ಶೀಟ್‌ನ ಮೊತ್ತಕ್ಕೂ 16,000 ರೂಪಾಯಿ ಅಂತರ ಮೌನವಾಗಿ ಹುಟ್ಟಿಕೊಂಡಿತ್ತು.

ಮೊದಲ ದುರಸ್ತಿ, ಅದರಿಂದ ಹುಟ್ಟಿದ ಎರಡನೆಯ ತೊಡಕು

ಮಾರಾಟ ವಿಭಾಗದ ಗುಮಾಸ್ತೆ ಕಾರಣವನ್ನು ಬೇಗನೆ ಗ್ರಹಿಸಿದರು. ದರದ ಸೆಲ್‌ನಲ್ಲಿ ಮತ್ತೆ 18 ಬರೆದು, ಹಳೆಯ ಸಾಲುಗಳನ್ನು ಆಯ್ದುಕೊಂಡು, ಸೂತ್ರ ತೆಗೆದು ಅಂಕಿ ಮಾತ್ರ ಉಳಿಯುವಂತೆ ‘ಪೇಸ್ಟ್ ಸ್ಪೆಷಲ್’ ಮೂಲಕ ಅಂಟಿಸಿ, ದರವನ್ನು ಪುನಃ 22ಕ್ಕೆ ತಂದರು. ಕ್ರಮವಾಗಿಯೇ ಯೋಚಿಸಿ ಮಾಡಿದ ಕೆಲಸ. ಆದರೆ ಹಳೆಯ ಸಾಲು ಯಾವುದು ಎಂಬುದನ್ನು ಅವರು ಮಾಲು ವಖಾರಿಗೆ ಬಂದ ದಿನಾಂಕದ ಮೇಲೆ ನಿರ್ಧರಿಸಿದ್ದರು. ಜನವರಿಯಲ್ಲಿ ಬಂದು ಫೆಬ್ರವರಿಯಲ್ಲಿ ಮಾರಾಟವಾದ ಲಾಟುಗಳು ಹೀಗೆ 18ರ ದರದಲ್ಲೇ ನಿಂತುಬಿಟ್ಟವು. ಆ ಲಾಟುಗಳಿಗೆ ಮುದ್ರಿಸಿಕೊಟ್ಟ ಪಟ್ಟಿಗಳಲ್ಲಿ 22 ಇತ್ತು.

ಇದಕ್ಕಿಂತ ದೊಡ್ಡ ಹಾನಿ ನಿಧಾನವಾಗಿ ಬಂದಿತು. ಹೊಸ ಲಾಟು ಬಂದಾಗ ಮೇಲಿನ ಯಾವುದಾದರೊಂದು ಸಾಲನ್ನು ನಕಲು ಮಾಡಿ ಕೆಳಗೆ ಅಂಟಿಸಿ, ಹೆಸರು, ಚೀಲ, ತೂಕ ತಿದ್ದುವುದು ಕಚೇರಿಯ ರೂಢಿ. ಚಾಲಿಯ ಮಾರಾಟ ಬಿರುಸಾಗಿದ್ದ ದಿನಗಳಲ್ಲಿ ಅದೇ ಸದಸ್ಯರ ಹಳೆಯ ಸಾಲನ್ನೇ ನಕಲು ಮಾಡಿದರೆ ಸದಸ್ಯತ್ವ ಸಂಖ್ಯೆ, ಖಾತೆ ಸಂಖ್ಯೆ ಮತ್ತೆ ಬರೆಯುವ ಶ್ರಮ ಉಳಿಯುತ್ತದೆ. ಆದರೆ ಸೂತ್ರ ಕಳೆದುಕೊಂಡ ಸಾಲಿನಲ್ಲಿ ಇದ್ದದ್ದು ಬರೀ ಅಂಕಿ. ಹನ್ನೊಂದು ಚೀಲದ ಹೊಸ ಲಾಟಿಗೆ 242 ರೂಪಾಯಿ ಹಮಾಲಿ ಬರಬೇಕಾದಲ್ಲಿ ಹಳೆಯ ಆರು ಚೀಲದ 108 ರೂಪಾಯಿಯೇ ಉಳಿಯಿತು. ಸೆಲ್‌ನಲ್ಲಿ ಸೂತ್ರವಿದೆಯೋ ಅಂಕಿಯಿದೆಯೋ ಎಂಬುದು ನೋಟಕ್ಕೆ ತಿಳಿಯುವುದಿಲ್ಲ, ಎರಡೂ ಒಂದೇ ಬಣ್ಣ, ಒಂದೇ ಅಕ್ಷರ.

ಇದು ಹೊರಬಿದ್ದದ್ದು ಜುಲೈನಲ್ಲಿ, ಲೆಕ್ಕಿಗರು ಹಮಾಲಿ ಖಾತೆಯನ್ನು ತಾಳೆ ನೋಡಿದಾಗ. ಹಮಾಲಿ ಸಂಘದ ಆದಾಯವಲ್ಲ. ಸದಸ್ಯರಿಂದ ಕಡಿತ ಮಾಡಿದ್ದಷ್ಟೂ ಹಮಾಲರಿಗೆ ಪಾವತಿಯಾಗಬೇಕು, ಖಾತೆ ಸೊನ್ನೆಗೆ ಬರಬೇಕು. ಪಾವತಿ ಚೀಲದ ಎಣಿಕೆಯ ಮೇಲೆ ನಡೆದಿತ್ತು, ಕಡಿತ ಶೀಟ್‌ನ ಅಂಕಿಯ ಮೇಲೆ ನಡೆದಿತ್ತು, ಎರಡೂ ಕೂಡಲಿಲ್ಲ. ಹೀಗೆ ಬೇರೆ ದಾರಿಯಿಂದ ಬಂದ ಇನ್ನೊಂದು ಮೊತ್ತದೊಡನೆ ತಾಳೆ ಹಾಕುವ ಅವಕಾಶವಿದ್ದದ್ದು ಸಂಘದ ಅದೃಷ್ಟ. ದಲಾಲಿಯ ಕಾಲಂನಲ್ಲಿ ಇದೇ ತಪ್ಪು ಆಗಿದ್ದರೆ ಹಿಡಿಯಲು ಅಂಥ ಎರಡನೆಯ ಮೊತ್ತವೇ ಇರುತ್ತಿರಲಿಲ್ಲ.

ದೊಡ್ಡ ಜಾಗಗಳಲ್ಲೂ ಹೀಗೆಯೇ ಆಗಿದೆ. ರೈನ್‌ಹಾರ್ಟ್ ಮತ್ತು ರೋಗಾಫ್ ಎಂಬ ಅರ್ಥಶಾಸ್ತ್ರಜ್ಞರು 2010ರಲ್ಲಿ ಸರ್ಕಾರಿ ಸಾಲ ಮತ್ತು ಆರ್ಥಿಕ ಬೆಳವಣಿಗೆಯ ಕುರಿತು ಪ್ರಕಟಿಸಿದ ಪ್ರಬಂಧದ ಎಕ್ಸೆಲ್ ಹಾಳೆಯಲ್ಲಿ, ಸರಾಸರಿ ತೆಗೆಯುವ ಸೂತ್ರದ ವ್ಯಾಪ್ತಿ ಐದು ಸಾಲು ಮೊದಲೇ ನಿಂತು, ಐದು ದೇಶಗಳು ಲೆಕ್ಕದಿಂದ ಹೊರಗುಳಿದಿದ್ದವು. ಅದು ಬೆಳಕಿಗೆ ಬಂದದ್ದು 2013ರಲ್ಲಿ, ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬರು ಲೇಖಕರಿಂದ ಮೂಲ ಹಾಳೆಯನ್ನೇ ಪಡೆದು ಸೂತ್ರ ತೆರೆದು ನೋಡಿದ ಮೇಲೆ. ಫಲಿತಾಂಶ ಮಾತ್ರ ಓದಿದವರಿಗೆ ಅಷ್ಟು ವರ್ಷ ಅದು ಕಂಡಿರಲಿಲ್ಲ.

ಪ್ರಯತ್ನಗಳು

ನನ್ನನ್ನು ಕರೆಯುವ ಮೊದಲೇ ವ್ಯವಸ್ಥಾಪಕರು ಒಂದು ಕ್ರಮ ಕೈಗೊಂಡಿದ್ದರು. ಸೂತ್ರವಿದ್ದ ಕಾಲಂಗಳಿಗೆಲ್ಲ ರಕ್ಷಣೆ ಹಾಕಿ, ತಿದ್ದುವ ಅಧಿಕಾರವನ್ನು ತಮ್ಮ ಖಾತೆಯೊಂದಕ್ಕೇ ಇಟ್ಟುಕೊಂಡರು. ಮುಂದಿನ ಟೆಂಡರ್ ದಿನ ಅವರು ಸಭೆಗೆ ಹೋಗಿದ್ದರು. ಹೊಸ ಲಾಟುಗಳಿಗೆ ಸೂತ್ರ ಎಳೆಯಲು ಸಾಧ್ಯವಾಗದೆ, ಪಟ್ಟಿಗಾಗಿ ಸದಸ್ಯರು ಕಾದು ಕುಳಿತಿದ್ದಾಗ, ಸಿಬ್ಬಂದಿ ಇಡೀ ಕಡತದ ಇನ್ನೊಂದು ಪ್ರತಿ ಮಾಡಿಕೊಂಡು ಅದರಲ್ಲಿ ಕೆಲಸ ಮುಗಿಸಿದರು. ಸಂಜೆಗೆ ಸಂಘದ ಬಳಿ ಎರಡು ಶೀಟ್‌ಗಳಿದ್ದವು. ಕೆಲಸ ನಿಲ್ಲಿಸುವಂಥ ಬೀಗವನ್ನು ಕೆಲಸ ಮಾಡುವವರು ಸುತ್ತಿಕೊಂಡು ಹೋಗಿಯೇ ಹೋಗುತ್ತಾರೆ, ಅದರಲ್ಲಿ ಅವರನ್ನು ದೂರುವಂಥದ್ದೇನೂ ಇಲ್ಲ.

ನಾನು ಮೊದಲು ಕೇಳಿಕೊಂಡದ್ದು ಠರಾವು ಪುಸ್ತಕ. ಅದರಲ್ಲಿ ‘ಫೆಬ್ರವರಿ 1ರಿಂದ ಜಾರಿ’ ಎಂದಷ್ಟೇ ಇತ್ತು. ಮಾಲು ಬಂದ ದಿನವೋ, ಮಾರಾಟವಾದ ದಿನವೋ? ಹಮಾಲರು ಚೀಲ ಇಳಿಸುವುದು ಬಂದ ದಿನ, ತೂಕಕ್ಕೆ ಎತ್ತಿ ಲಾರಿಗೆ ಹೇರುವುದು ಮಾರಾಟದ ನಂತರ. ಎರಡು ಓದಿಗೂ ನ್ಯಾಯವಿತ್ತು. ಗುಮಾಸ್ತೆ ಒಂದು ರೀತಿ ಓದಿದ್ದರು, ಲೆಕ್ಕಿಗರು ಇನ್ನೊಂದು ರೀತಿ ಓದಿದ್ದರು, ಇಬ್ಬರ ಓದೂ ಸೂತ್ರವಾಗಿ ಶೀಟ್‌ನೊಳಗೆ ಹೋಗಿ ಅಡಗಿತ್ತು. ಈ ಪ್ರಕರಣದ ನಿಜವಾದ ತಿರುವು ಇದೇ ಎಂದು ನಾನು ತಿಳಿಯುತ್ತೇನೆ. ಯಾವ ಸಾಧನವೂ ಉತ್ತರಿಸಲಾಗದ ಪ್ರಶ್ನೆಯೊಂದು ಆಡಳಿತ ಮಂಡಳಿಯ ಮುಂದೆ ಹೋಗಬೇಕಿತ್ತು. ಹೋಯಿತು, ಮಾರಾಟದ ದಿನವೇ ಆಧಾರ ಎಂದು ಮಂಡಳಿ ಸ್ಪಷ್ಟಪಡಿಸಿತು. ಕಡಿಮೆ ಕಡಿತವಾದ ಲಾಟುಗಳ ಹಣವನ್ನು ಸದಸ್ಯರಿಂದ ಮತ್ತೆ ವಸೂಲು ಮಾಡದೆ ಸಂಘವೇ ಭರಿಸಬೇಕೆಂದೂ ಅದೇ ಸಭೆ ತೀರ್ಮಾನಿಸಿತು. ಮುದ್ರಿಸಿ ಕೊಟ್ಟ ಪಟ್ಟಿ ಸಂಘ ಕೊಟ್ಟ ಮಾತು. ಆ ತೀರ್ಮಾನ ಸರಿಯಾದದ್ದೆಂದು ನನಗೆ ಆಗಲೂ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ನಂತರದ ಕೆಲಸ ದರದ ಹಾಳೆಯದು. ಹಮಾಲಿಗೆ ಒಂದೇ ಸೆಲ್ ಇದ್ದಲ್ಲಿ ಒಂದು ಚಿಕ್ಕ ಕೋಷ್ಟಕ ಬಂದಿತು: ಜಾರಿಯಾದ ದಿನಾಂಕ, ದರ, ಠರಾವು ಸಂಖ್ಯೆ. ಪ್ರತಿ ಸಾಲಿನ ಸೂತ್ರ ತನ್ನ ಮಾರಾಟದ ದಿನಾಂಕವನ್ನು ವಿ-ಲುಕಪ್ ಎಂಬ ಫಂಕ್ಷನ್ ಮೂಲಕ ಆ ಕೋಷ್ಟಕದಲ್ಲಿ ಹುಡುಕಿ, ಆ ದಿನಕ್ಕೆ ಅನ್ವಯಿಸುವ ದರವನ್ನು ತರುತ್ತದೆ. ವಿ-ಲುಕಪ್‌ನ ನಾಲ್ಕನೆಯ ಸ್ಥಾನದಲ್ಲಿ ಸಾಮಾನ್ಯವಾಗಿ ‘ಫಾಲ್ಸ್’ ಎಂದು, ಅಂದರೆ ನಿಖರವಾಗಿ ಹೊಂದಿದ್ದನ್ನು ಮಾತ್ರ ತರುವಂತೆ, ಬರೆಯಲು ಎಲ್ಲರೂ ಹೇಳುತ್ತಾರೆ, ಸದಸ್ಯತ್ವ ಸಂಖ್ಯೆಯಂಥದ್ದನ್ನು ಹುಡುಕುವಾಗ ಅದೇ ಸರಿ. ಇಲ್ಲಿ ಮಾತ್ರ ಬೇಕಾದದ್ದು ‘ಟ್ರೂ’. ಆಗ ನಿಖರವಾದ ದಿನಾಂಕ ಸಿಗದಿದ್ದರೆ ಅದಕ್ಕೆ ಹಿಂದಿನ ಹತ್ತಿರದ ದಿನಾಂಕದ ಸಾಲು ಬರುತ್ತದೆ. ಅದಕ್ಕಾಗಿ ದಿನಾಂಕಗಳು ಏರಿಕೆಯ ಕ್ರಮದಲ್ಲೇ ಇರಬೇಕು. ಮೊದಲ ದಿನಾಂಕಕ್ಕಿಂತ ಹಿಂದಿನದು ಬಂದರೆ ಸೆಲ್‌ನಲ್ಲಿ ದೋಷ ಕಾಣುತ್ತದೆ. ಅದನ್ನು ಇಫ್-ಎರರ್ ಹಾಕಿ ಸೊನ್ನೆಯಾಗಿ ತೋರಿಸಬೇಡಿ ಎಂದು ಒತ್ತಿ ಹೇಳಿದೆ. ಕಣ್ಣಿಗೆ ಬೀಳುವ ದೋಷ, ಅಂಕಿಯ ವೇಷದಲ್ಲಿರುವ ದೋಷಕ್ಕಿಂತ ಎಷ್ಟೋ ಮೇಲು. ಹೀಗೆ ದರ ಬದಲಾಯಿಸುವುದೆಂದರೆ ಸೆಲ್ ತಿದ್ದುವುದಲ್ಲ, ಸಾಲು ಸೇರಿಸುವುದು ಎಂದಾಯಿತು.

ಸೂತ್ರವೇ ಬದಲಾಗಬೇಕಾದ ಸಂದರ್ಭಗಳಿಗೆ ‘ಬದಲಾವಣೆ’ ಎಂಬ ಹಾಳೆ ತೆರೆದೆವು. ಆರಂಭದಲ್ಲಿ ಅದರಲ್ಲಿ ಅನುಮೋದಿಸಿದವರು, ಪರೀಕ್ಷಿಸಿದವರು, ಪರಿಣಾಮದ ಅಂದಾಜು ಎಂದೆಲ್ಲ ಬಹಳ ಕಾಲಂಗಳಿದ್ದವು, ಹಾಗಾಗಿ ಯಾರೂ ತುಂಬಲಿಲ್ಲ. ಕೊನೆಗೆ ಉಳಿದದ್ದು ಆರು: ತಿದ್ದಿದ ದಿನಾಂಕ, ಯಾವ ಕಾಲಂ, ಹಳೆಯ ಸೂತ್ರ, ಹೊಸ ಸೂತ್ರ, ಯಾವ ದಿನದ ಮಾರಾಟದಿಂದ ಅನ್ವಯ, ಯಾಕೆ. ಸೂತ್ರವನ್ನು ಹಾಗೆಯೇ ಅಂಟಿಸಿದರೆ ಅದು ಲೆಕ್ಕ ಮಾಡಲು ಹೊರಡುತ್ತದೆ. ಮುಂದೆ ಒಂದು ಒಂಟಿ ಉದ್ಧರಣ ಚಿಹ್ನೆ ಹಾಕಿದರೆ ಅಕ್ಷರವಾಗಿ ಉಳಿಯುತ್ತದೆ. ತಿದ್ದುವ ಮೊದಲು ಕಡತದ ಆ ಹೊತ್ತಿನ ಆವೃತ್ತಿಗೆ ಹೆಸರು ಕೊಡುವುದೂ ರೂಢಿಯಾಯಿತು. ಆವೃತ್ತಿಗಳ ಪಟ್ಟಿಯಲ್ಲಿ ‘ಹಮಾಲಿ ಕೋಷ್ಟಕಕ್ಕೆ ಮೊದಲು’ ಎಂದು ಓದಿದರೆ ಹುಡುಕುವವರಿಗೆ ದಾರಿ ಸಿಗುತ್ತದೆ, ದಿನಾಂಕ ಮತ್ತು ಗಂಟೆಗಳ ಉದ್ದ ಸಾಲಿನಲ್ಲಿ ಸಿಗುವುದಿಲ್ಲ.

ಮೂವರಿಗೂ ಪ್ರತ್ಯೇಕ ಖಾತೆ ಮಾಡಿಸಿದ್ದು ಐದು ನಿಮಿಷದ ಕೆಲಸ. ಅದಿಲ್ಲದೆ ಆವೃತ್ತಿ ಇತಿಹಾಸದಲ್ಲಿ ಎಲ್ಲ ತಿದ್ದುಪಡಿಗೂ ಕಚೇರಿಯ ಹೆಸರೇ ಬರುತ್ತಿತ್ತು. ಕೆಲವರಿಗೆ ಇದು ತಮ್ಮ ಮೇಲೆ ಕಣ್ಣಿಡುವ ಉಪಾಯವೆಂಬ ಅಳುಕಿತ್ತು. ಖತಾವಣಿ ಪುಸ್ತಕದ ಕಾಲದಲ್ಲಿ ತಪ್ಪಿದ ಅಂಕಿಯನ್ನು ಅಳಿಸದೆ, ಒಂದು ಗೆರೆ ಎಳೆದು, ಸರಿಯಾದದ್ದನ್ನು ಮೇಲೆ ಬರೆದು ಪಕ್ಕದಲ್ಲಿ ಚಿಕ್ಕ ಸಹಿ ಮಾಡುತ್ತಿದ್ದರಷ್ಟೆ? ಆ ಸಹಿ ಅನುಮಾನದ ಗುರುತಾಗಿರಲಿಲ್ಲ, ಬರೆದವರ ರಕ್ಷಣೆಯಾಗಿತ್ತು. ಅದನ್ನು ನೆನಪಿಸಿದವರು ಸಂಘದಲ್ಲಿ ಬಹಳ ವರ್ಷ ದುಡಿದ ಲೆಕ್ಕಿಗರೇ, ಆಮೇಲೆ ಆ ಮಾತು ಮತ್ತೆ ಬರಲಿಲ್ಲ.

ರಾತ್ರಿಯ ತಪಾಸಣೆ

ಬರೆಯಲು ಮರೆತ ಬದಲಾವಣೆಗಳ ಗತಿ ಏನು ಎಂಬ ಪ್ರಶ್ನೆ ಉಳಿಯಿತು. ಆವೃತ್ತಿ ಇತಿಹಾಸವನ್ನು ದಿನವೂ ಕೂತು ನೋಡುವವರು ಯಾರೂ ಇರುವುದಿಲ್ಲ. ಎಕ್ಸೆಲ್ ಬಳಸುವ ಕಚೇರಿಗಳಿಗೆ ‘ಶೋ ಚೇಂಜಸ್’ ಇದೆ, ಆದರೆ ಅದು ಹಿಂದಕ್ಕೆ ತೋರಿಸುವುದು 60 ದಿನಗಳವರೆಗೆ ಮಾತ್ರ. ಅಡಿಕೆಯ ಹಂಗಾಮು ಅದಕ್ಕಿಂತ ಬಹಳ ಉದ್ದ. ಆದ್ದರಿಂದ ಗೂಗಲ್ ಶೀಟ್ಸ್ ಜೊತೆಗೇ ಬರುವ ಆ್ಯಪ್ಸ್ ಸ್ಕ್ರಿಪ್ಟ್‌ನಲ್ಲಿ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದು, ದಿನವೂ ರಾತ್ರಿ ತಾನಾಗಿ ಓಡುವಂತೆ ಮಾಡಿದೆ. ಅದು ಎಲ್ಲ ಸೆಲ್‌ಗಳ ಸೂತ್ರಗಳನ್ನು ಓದಿ, ಹಿಂದಿನ ರಾತ್ರಿಯ ಪ್ರತಿಯೊಂದಿಗೆ ಹೋಲಿಸಿ, ವ್ಯತ್ಯಾಸವನ್ನು ಲೆಕ್ಕಿಗರಿಗೂ ವ್ಯವಸ್ಥಾಪಕರಿಗೂ ಮಿಂಚಂಚೆ ಮಾಡುತ್ತಿತ್ತು.

ಮೊದಲ ವಾರ ಇದು ವ್ಯರ್ಥವಾಯಿತು. ಹೊಸ ಸಾಲು ಸೇರಿದ್ದೂ ವ್ಯತ್ಯಾಸ, ನಡುವೆ ಸಾಲು ತೂರಿಸಿದರೆ ಕೆಳಗಿನವೆಲ್ಲವೂ ವ್ಯತ್ಯಾಸ. ಪುಟಗಟ್ಟಲೆ ಬರುವ ವರದಿಯನ್ನು ಯಾರೂ ಓದುವುದಿಲ್ಲ. ಉಪಾಯ ಸಿಕ್ಕಿದ್ದು ಸೂತ್ರವನ್ನು ‘ಆರ್1ಸಿ1’ ರೂಪದಲ್ಲಿ ಓದಿದಾಗ. ಸಾಮಾನ್ಯ ರೂಪದಲ್ಲಿ ಏಳನೆಯ ಸಾಲಿನ ಸೂತ್ರ ‘ಇ7’ ಎಂದರೆ ಎಂಟನೆಯ ಸಾಲಿನದು ‘ಇ8’ ಎನ್ನುತ್ತದೆ, ಬರೆಹ ಬೇರೆ ಬೇರೆ. ಆರ್1ಸಿ1 ರೂಪದಲ್ಲಿ ಎರಡೂ ‘ಇದೇ ಸಾಲಿನ, ಎಡಕ್ಕೆ ಮೂರನೆಯ ಕಾಲಂ’ ಎಂಬ ಒಂದೇ ಬರೆಹವಾಗುತ್ತವೆ. ಅಂದರೆ ಸರಿಯಾಗಿರುವ ಒಂದು ಕಾಲಂನಲ್ಲಿ ಎಷ್ಟು ಸಾವಿರ ಸಾಲಿದ್ದರೂ ಸೂತ್ರದ ರೂಪ ಒಂದೇ. ಎರಡನೆಯ ರೂಪ ಕಂಡರೆ ಯಾರೋ ಸೂತ್ರ ಬದಲಿಸಿದ್ದಾರೆ. ಸೂತ್ರವೇ ಇಲ್ಲದ ಸೆಲ್ ಕಂಡರೆ ಯಾರೋ ಅದರ ಮೇಲೆ ಅಂಕಿ ಬರೆದಿದ್ದಾರೆ. ಅಂದಿನಿಂದ ವರದಿ ಒಂದೆರಡು ಸಾಲಿಗೆ ಇಳಿಯಿತು, ಬಹುತೇಕ ದಿನ ಬರಲೇ ಇಲ್ಲ. ಏನು ಬದಲಾಯಿತು ಎಂಬುದನ್ನು ಸ್ಕ್ರಿಪ್ಟ್ ಹೇಳುತ್ತದೆ, ಯಾರು ಎಂಬುದನ್ನು ಆವೃತ್ತಿ ಇತಿಹಾಸ ಹೇಳುತ್ತದೆ. ಯಾಕೆ ಎಂಬುದಕ್ಕೆ ‘ಬದಲಾವಣೆ’ ಹಾಳೆಯ ಕೊನೆಯ ಕಾಲಂ ಬಿಟ್ಟರೆ ಬೇರೆ ಆಸರೆಯಿಲ್ಲ. ಮೂರರಲ್ಲಿ ಬೆಲೆಯುಳ್ಳದ್ದು ಅದೇ.

ಹೊಸ ವ್ಯವಸ್ಥೆಯ ಮೊದಲ ನಿಜವಾದ ಪರೀಕ್ಷೆ ಒಂದು ಚಾಲಿ ಲಾಟಿನಿಂದ ಬಂದಿತು. ಟೆಂಡರ್ ಆದ ಮೇಲೆ ಚೀಲ ಬಿಚ್ಚಿದಾಗ ಅಡಿಕೆ ಸರಿಯಾಗಿ ಒಣಗಿಲ್ಲವೆಂದು ಖರೀದಿದಾರರು ತಕರಾರು ತೆಗೆದರು. ಮೂರೂ ಕಡೆಯವರು ಕುಳಿತು ಮಾತಾಡಿ ಒಂದು ಮೊತ್ತ ಕಡಿಮೆ ಮಾಡಲು ಒಪ್ಪಿದರು, ಮಾರಾಟದ ಗುಮಾಸ್ತೆ ಆ ಸಾಲಿನ ನಿವ್ವಳ ಮೊತ್ತದ ಸೂತ್ರದ ಮೇಲೆಯೇ ಒಪ್ಪಿದ ಅಂಕಿ ಬರೆದರು. ಮರುದಿನ ಬೆಳಿಗ್ಗೆ ವರದಿಯಲ್ಲಿ ಆ ಒಂದು ಸೆಲ್ ಇತ್ತು. ಕೇಳಿದಾಗ ಅವರು ಕೊಟ್ಟ ಕಾರಣ ನ್ಯಾಯವಾದದ್ದೇ. ಅಲ್ಲಿ ಎರಡು ದಾರಿಯಿದ್ದವು: ಇಂಥ ಬರೆಹವನ್ನು ನಿಷೇಧಿಸುವುದು, ಅಥವಾ ಅದಕ್ಕೊಂದು ಜಾಗ ಮಾಡಿಕೊಡುವುದು. ಬೀಗದ ಅನುಭವ ಎಲ್ಲರ ನೆನಪಿನಲ್ಲಿದ್ದುದರಿಂದ ಎರಡನೆಯದನ್ನೇ ಆರಿಸಿದರು. ‘ವಿಶೇಷ ಕಡಿತ’ ಎಂಬ ಕಾಲಂ, ಅದರ ಪಕ್ಕದಲ್ಲಿ ಕಾರಣ ಬರೆಯುವ ಕಾಲಂ ಸೇರಿದವು, ನಿವ್ವಳದ ಸೂತ್ರ ಅದನ್ನೂ ಕಳೆಯುವಂತೆ ಬದಲಾಯಿತು, ಆ ಬದಲಾವಣೆ ದಾಖಲೆಗೆ ಹೋಯಿತು. ಈಗ ಪಟ್ಟಿಯಲ್ಲೂ ಆ ಕಡಿತ ಪ್ರತ್ಯೇಕ ಸಾಲಾಗಿ ಮುದ್ರಣವಾಗುತ್ತದೆ, ಸದಸ್ಯರಿಗೆ ತಮ್ಮ ಹಣ ಎಲ್ಲಿ ಕಡಿಮೆಯಾಯಿತು ಎಂದು ತಿಳಿಯುತ್ತದೆ. ಸೂತ್ರದ ಮೇಲೆ ಅಂಕಿ ಬರೆಯುವ ಕೈಗೆ ಬಹುಪಾಲು ಸಲ ಶೀಟ್‌ನಲ್ಲಿ ಇಲ್ಲದ ಒಂದು ಕಾಲಂ ಬೇಕಾಗಿರುತ್ತದೆ.

ನಂತರ

ಮುಂದಿನ ಹಂಗಾಮಿನಲ್ಲಿ ಹಮಾಲಿ ಮತ್ತೊಮ್ಮೆ ಏರಿತು. ಠರಾವಿನಲ್ಲಿ ಈ ಸಲ ‘ಮಾರಾಟದ ದಿನಾಂಕದ ಆಧಾರದ ಮೇಲೆ’ ಎಂಬ ಪದಗಳಿದ್ದವು. ಲೆಕ್ಕಿಗರು ಕೋಷ್ಟಕಕ್ಕೆ ಒಂದು ಸಾಲು ಸೇರಿಸಿದರು, ಆಮೇಲೆ ಹಳೆಯ ಕೆಲವು ಪಟ್ಟಿಗಳನ್ನು ಮತ್ತೆ ಮುದ್ರಿಸಿ ಕಚೇರಿ ಪ್ರತಿಯೊಂದಿಗೆ ಹೋಲಿಸಿದರು. ಎಲ್ಲವೂ ಕೂಡಿದವು, ವರ್ಷಾಂತ್ಯಕ್ಕೆ ಹಮಾಲಿ ಖಾತೆಯೂ ಸೊನ್ನೆಗೆ ಬಂದಿತು. ಲೆಕ್ಕ ಪರಿಶೋಧಕರು ಕೇಳಿದ ಒಂದು ಸೂತ್ರದ ವಿವರಣೆಯನ್ನು ‘ಬದಲಾವಣೆ’ ಹಾಳೆಯಿಂದಲೇ ಓದಿ ಹೇಳಲಾಯಿತು.

ಮುಂಗಡದ ಬಡ್ಡಿಯ ಕಾಲಂ ಇನ್ನೂ ಬಾಕಿ ಇದೆ. ಮುಂಗಡ ಪಡೆದ ದಿನ ಮತ್ತು ಮಾರಾಟದ ದಿನ ಎರಡನ್ನೂ ಎಣಿಸಬೇಕೋ ಒಂದನ್ನೋ ಎಂಬುದು ಇಂದಿಗೂ ಲೆಕ್ಕಿಗರ ರೂಢಿಯಲ್ಲಿದೆಯೇ ಹೊರತು ಬರೆಹದಲ್ಲಿಲ್ಲ, ಸೂತ್ರದ ಕೊನೆಯಲ್ಲಿರುವ ‘+1’ ಯಾರ ಕಾಲದ್ದೆಂದು ಹೇಳುವವರೂ ಇಲ್ಲ. ಮಂಡಳಿಯ ಮುಂದಿನ ಸಭೆಗೆ ಆ ವಿಷಯ ಹೋಗಿದೆ. ಠರಾವು ಆಗುವವರೆಗೆ ಆ ಸೂತ್ರವನ್ನು ಯಾರೂ ಮುಟ್ಟಬಾರದೆಂದು, ಅದರ ಸದ್ಯದ ರೂಪವನ್ನು ಇದ್ದಂತೆಯೇ ದಾಖಲೆಯಲ್ಲಿ ಬರೆದಿಟ್ಟಿದ್ದೇವೆ.